ಸಭಾಂಗಣದ ವೈಫೈ ಮತ್ತು ನನ್ನ ನಾಲ್ಕು ತಿಂಗಳು

ನಮ್ಮಲ್ಲಿದ್ದದ್ದು ಒಂದೇ ಸರ್ವರ್. ಕಂಕನಾಡಿಯಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಚೇರಿ; ಕೆಲಸ, ಮದುವೆಗಳನ್ನು ನೇರಪ್ರಸಾರ ಮಾಡುವುದು. ಕಂಪನಿಯ ಯಜಮಾನರು ಇಪ್ಪತ್ತು ವರ್ಷ ಮದುವೆಯ ವಿಡಿಯೋ ತೆಗೆದವರು. ಊರಿನ ಅರ್ಧ ನೆಂಟರು ಗಲ್ಫಿನಲ್ಲಿರುವುದರಿಂದ ಇನ್ನು ಮೇಲೆ ಲೈವ್ ಇಲ್ಲದೆ ಮದುವೆ ನಡೆಯುವುದಿಲ್ಲ ಎಂಬುದನ್ನು ಬೇರೆಯವರಿಗಿಂತ ಮೊದಲು ಕಂಡುಕೊಂಡರು. ಅವರು ಕಂಡುಕೊಳ್ಳದೆ ಉಳಿದದ್ದು ಒಂದೇ: ನಾನೂರು ಮಂದಿ ಒಟ್ಟಿಗೆ ಒಂದೇ ಸರ್ವರಿನಿಂದ ವಿಡಿಯೋ ಎಳೆದರೆ ಅದು ಮಲಗುತ್ತದೆ. ಒಂದು ಮದುವೆಯಲ್ಲಿ, ಸರಿಯಾಗಿ ಕೇಕ್ ಕತ್ತರಿಸುವ ಹೊತ್ತಿಗೆ, ಮಲಗಿಯೇ ಬಿಟ್ಟಿತು.

ಮರುದಿನ ಬೆಳಿಗ್ಗೆ ಅವರು, ಕಚೇರಿಯ ಒಬ್ಬಳೇ ಪ್ರೋಗ್ರಾಮರ್ ಆದ ನನ್ನ ಮೇಜಿನ ಎದುರು ನಿಂತರು. “ಸರ್ವರಿನ ಲೋಡ್ ಕಡಿಮೆ ಮಾಡು ಮಾರಾಯ್ತಿ. ಎಂತ ಬೇಕಾದ್ರೂ ಮಾಡು,” ಎಂದರು. ಇನ್ನೊಂದು ಸರ್ವರ್ ತೆಗೆದುಕೊಳ್ಳೋಣ ಎಂದೆ. “ಅದೊಂದು ಬಿಟ್ಟು,” ಎಂದರು.

ಹಾಗಾಗಿ ಪೀರ್-ಟು-ಪೀರ್. ವಿಡಿಯೋವನ್ನು ನಾಲ್ಕು ನಾಲ್ಕು ಸೆಕೆಂಡಿನ ತುಂಡುಗಳಾಗಿ ಕತ್ತರಿಸುವುದು. ಪ್ರತಿ ತುಂಡನ್ನು ಸರ್ವರ್ ಕೆಲವರಿಗೆ ಮಾತ್ರ ಕೊಡುವುದು. ಉಳಿದವರು ಅದನ್ನು ಪರಸ್ಪರ ಹಂಚಿಕೊಳ್ಳುವುದು. ಯಾರ ಹತ್ತಿರ ಯಾವ ತುಂಡು ಉಂಟು, ಯಾರು ಯಾರಿಂದ ತೆಗೆದುಕೊಳ್ಳಬೇಕು ಎಂದು ಹೇಳಲು ನಡುವೆ ಟ್ರ್ಯಾಕರ್ ಎಂಬ ಸಣ್ಣ ಪ್ರೋಗ್ರಾಂ. ನೋಡುವವರು ಹೆಚ್ಚಾದಷ್ಟೂ ಹಂಚುವವರೂ ಹೆಚ್ಚಾಗುತ್ತಾರೆ, ಸರ್ವರಿಗೆ ವಿಶ್ರಾಂತಿ. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಇನ್ನೊಂದಿಲ್ಲ.

ಇದನ್ನು ನಮ್ಮ ಅಣ್ಣನಿಗೆ ವಿವರಿಸಿದ್ದೆ. ನಮ್ಮದು ಬಂದರಿನಲ್ಲಿ ಒಣಮೀನಿನ ಗೋದಾಮು. ಅಜ್ಜನ ಕಾಲದಿಂದ ಅದೇ ವ್ಯಾಪಾರ. ಎಲ್ಲ ಅಂಗಡಿಯವರೂ ನಮ್ಮ ಗೋದಾಮಿಗೇ ಬರುವ ಬದಲು ಒಬ್ಬ ಅಂಗಡಿಯವ ತೆಗೆದುಕೊಂಡ ಮಾಲನ್ನು ಪಕ್ಕದವನಿಗೂ ಕೊಟ್ಟ ಹಾಗೆ ಎಂದೆ. ಅಣ್ಣ ಚಹಾದ ಲೋಟ ಕೆಳಗಿಟ್ಟು, “ಪಕ್ಕದವನಿಗೆ ಅವನು ಯಾಕೆ ಕೊಡ್ತಾನೆ?” ಎಂದು ಕೇಳಿದ. ವ್ಯಾಪಾರದವರಿಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲ ಎಂದುಕೊಂಡು ಎದ್ದು ಬಂದೆ.

ಮೊದಲ ಪರೀಕ್ಷೆಯಲ್ಲಿ ಸರ್ವರಿನ ಹೊರೆ ಇಳಿಯುವ ಬದಲು ಏರಿತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಎರಡು ಫೋನುಗಳು ನೇರವಾಗಿ ಕೊಟ್ಟು ತೆಗೆದುಕೊಳ್ಳಬೇಕಾದರೆ ಒಂದು ಇನ್ನೊಂದನ್ನು ತಲುಪುವ ದಾರಿ ಇರಬೇಕು. ಆದರೆ ಮೊಬೈಲ್ ಕಂಪನಿಗಳು ಸಾವಿರಾರು ಫೋನುಗಳನ್ನು ಒಂದೇ ಇಂಟರ್ನೆಟ್ ವಿಳಾಸದ ಹಿಂದೆ ಕೂರಿಸಿರುತ್ತವೆ. ಹೊರಗಿನಿಂದ ಬಾಗಿಲು ಬಡಿದರೆ ಒಳಗೆ ಯಾರಿಗೆ ಎಂದು ಗೊತ್ತಾಗುವುದಿಲ್ಲ. ಗಲ್ಫಿನ ಕೆಲವು ಜಾಲಗಳಲ್ಲಂತೂ ಇಂಥ ನೇರ ಸಂಪರ್ಕಕ್ಕೆ ಬಾಗಿಲೇ ಇಲ್ಲ. ನೇರ ದಾರಿ ಸಿಗದಿದ್ದಾಗ ನಡುವೆ ನಿಂತು ಈ ಕಡೆಯದನ್ನು ಆ ಕಡೆಗೆ ದಾಟಿಸಲು ಒಂದು ರಿಲೇ ಬೇಕು. ಆ ರಿಲೇಯನ್ನು ನಾನು ಎಲ್ಲಿ ಕೂರಿಸಿದ್ದೆ? ಅದೇ ಸರ್ವರಿನಲ್ಲಿ. ಇದ್ದದ್ದೇ ಒಂದಲ್ಲವೇ! ಹಾಗಾಗಿ ಮೊದಲು ಒಮ್ಮೆ ಹೊರಗೆ ಹೋಗುತ್ತಿದ್ದ ತುಂಡು ಈಗ ಒಮ್ಮೆ ಹೋಗಿ, ವಾಪಸು ಬಂದು, ಮತ್ತೊಮ್ಮೆ ಹೋಗುತ್ತಿತ್ತು. ನನ್ನ ಬುದ್ಧಿಗೆ ನಾನೇ ಕೈ ಮುಗಿದು ರಿಲೇಯನ್ನು ಕಿತ್ತು ಹಾಕಿದೆ. ನೇರ ದಾರಿ ಸಿಕ್ಕಿದವರು ಹಂಚಿಕೊಳ್ಳಲಿ, ಸಿಗದವರು ಸರ್ವರಿನಿಂದಲೇ ತೆಗೆದುಕೊಳ್ಳಲಿ ಎಂದು ನಿಯಮ ಮಾಡಿದೆ.

ಹೊರೆ ಸ್ವಲ್ಪ ಇಳಿಯಿತು. ಆ ವಾರವೇ ಕುಲಶೇಖರದ ಕಡೆಯ ಒಬ್ಬ ಹಿರಿಯ ಹೆಂಗಸು ಕಚೇರಿಗೆ ಫೋನ್ ಮಾಡಿದರು. ಸೊಸೆಯ ತಮ್ಮನ ಮದುವೆಯನ್ನು ಮನೆಯಲ್ಲಿ ಕುಳಿತು ನೋಡಿದವರು. “ನಾನು ನೋಡಿದ್ದು ಒಂದು ಮದುವೆ ಮಗಾ. ಡಾಟಾ ಹೋದದ್ದು ಮೂರು ಮದುವೆಯದ್ದು. ಮಗನಿಗೆ ಒಂದು ಕಾಲ್ ಮಾಡ್ಲಿಕ್ಕೂ ಇಲ್ಲ ಈಗ. ಎಂತ ಇದು?” ಅವರ ಫೋನು ಅಷ್ಟು ಹೊತ್ತೂ ಊರಿನವರಿಗೆಲ್ಲ ಮದುವೆ ಹಂಚುತ್ತಿತ್ತು ಎಂದು ಹೇಳುವುದು ಹೇಗೆ? ಅವರ ಬಳಿ ಕೇಳದೆ ನಾವು ಹಂಚಿಸುತ್ತಿದ್ದೆವು ಎಂಬುದೇ ತಪ್ಪು. ಕ್ಷಮೆ ಕೇಳಿದೆ. ಅಣ್ಣನ ಪ್ರಶ್ನೆ ನೆನಪಾಗಿ ಮೈ ಉರಿಯಿತು. ಮನೆಯಲ್ಲಿ ಈ ವಿಷಯದಲ್ಲಿ ಬಾಯಿ ಬಿಡಲಿಲ್ಲ.

ನಂತರ ಎರಡು ನಿಯಮ ಸೇರಿಸಿದೆ. ಒಂದು, ವೈಫೈಯಲ್ಲಿರುವ ಫೋನು ಮಾತ್ರ ಹಂಚಬೇಕು, ಅದೂ ಒಪ್ಪಿಗೆ ಕೇಳಿ, ಒಂದು ಮಿತಿಯವರೆಗೆ. ಮೊಬೈಲ್ ಡಾಟಾದಲ್ಲಿರುವವರಿಂದ ಏನನ್ನೂ ಕೇಳಬಾರದು. ಎರಡು, ಹೊಸ ತುಂಡು ಯಾರಿಗೆ ಬೇಗ ತಲುಪುತ್ತದೋ ಅವರನ್ನು ಟ್ರ್ಯಾಕರ್ ಸಾಲಿನ ಮುಂದೆ ನಿಲ್ಲಿಸಬೇಕು, ಉಳಿದವರನ್ನು ಅವರ ಕಡೆಗೆ ಕಳಿಸಬೇಕು. ಒಂದು ನಾಮಕರಣದಲ್ಲೂ ಒಂದು ಶಾಲೆಯ ವಾರ್ಷಿಕೋತ್ಸವದಲ್ಲೂ ಇದನ್ನು ಓಡಿಸಿ ನೋಡಿದೆ. ಸರ್ವರಿನ ಹೊರೆ ಅರ್ಧಕ್ಕೆ ಇಳಿಯಿತು. ಯಜಮಾನರು ಕೆಳಗಿನ ಬೇಕರಿಯಿಂದ ಪಫ್ಸ್ ತರಿಸಿದರು. ನಾಲ್ಕು ತಿಂಗಳಲ್ಲಿ ನಾನು ನೆಮ್ಮದಿಯಿಂದ ತಿಂದದ್ದು ಅದೊಂದೇ.

ದೊಡ್ಡ ಮದುವೆ ಬಂದದ್ದು ಅದರ ಮುಂದಿನ ವಾರ. ಯಜಮಾನರ ಇಗರ್ಜಿಯವರದ್ದೇ, ಅಂದರೆ ಅವರ ಚರ್ಚಿನವರದ್ದೇ ಮದುವೆ. ಎರಡೂ ಕಡೆ ಕೊಂಕಣಿ ಕ್ರಿಶ್ಚಿಯನ್ನರು, ನೆಂಟರು ಮಸ್ಕತ್‌ನಿಂದ ಮೆಲ್ಬರ್ನ್‌ವರೆಗೆ. ಮೂರು ದಿನ ಮೊದಲು ವಧುವಿನ ಅಕ್ಕ ಫೋನ್ ಮಾಡಿದರು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಜೆ ಮಂಜೂರಾಗಿ, ಟಿಕೆಟ್ ಆಗಿ, ಕೊನೆಯಲ್ಲಿ ರಜೆ ರದ್ದಾಗಿತ್ತು. ತಾಯಿ ಬೇಗ ತೀರಿಕೊಂಡ ಮನೆ. ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಇವರೇ ಅಂತೆ.

“ಮ್ಯಾಡಮ್, ನನಗೆ ಬ್ರೇಕ್ ಸಿಗೋದು ಅರ್ಧ ಗಂಟೆ ಮಾತ್ರ. ಊರಿನ ಟೈಮ್ ಒಂದರಿಂದ ಒಂದೂವರೆ,” ಎಂದರು. “ಟೋಸ್ಟಿನ ಭಾಷಣ ಆಗ ಇಡ್ಲಿಕ್ಕೆ ಮಾಮನಿಗೆ ಹೇಳಿದ್ದೇನೆ. ನಾನೊಂದು ಲೆಟರ್ ಬರ್ದು ಕಳಿಸಿದ್ದೇನೆ, ಅವರು ಓದ್ತಾರೆ. ತಂಗಿಗೆ ಗೊತ್ತಿಲ್ಲ. ಓದುವಾಗ ಅವಳ ಮುಖ ತೋರಿಸ್ಬೇಕು. ಬೇರೆ ಎಂತ ಕಾಣದಿದ್ರೂ ಪರ್ವಾಗಿಲ್ಲ.”

“ಖಂಡಿತ ಕಾಣ್ತದೆ ಅಕ್ಕ. ಈಗ ನಮ್ಮ ಸಿಸ್ಟಮ್ ತುಂಬ ಗಟ್ಟಿ ಉಂಟು,” ಎಂದೆ. ಈ ಮಾತು ಆಡಿದ್ದಕ್ಕೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮದುವೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಸಭಾಂಗಣಕ್ಕೆ ಹೋದೆ. ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ನನ್ನ ಲ್ಯಾಪ್‌ಟಾಪ್; ಪಕ್ಕದಲ್ಲಿ ಎನ್‌ಕೋಡರ್, ಅಂದರೆ ಕ್ಯಾಮೆರಾಗಳ ಚಿತ್ರವನ್ನು ಕುಗ್ಗಿಸಿ ಸರ್ವರಿಗೆ ಕಳಿಸುವ ಪೆಟ್ಟಿಗೆ. ಅದನ್ನು ಸಭಾಂಗಣದ ಬ್ರಾಡ್‌ಬ್ಯಾಂಡಿಗೆ ಕೇಬಲ್‌ನಲ್ಲಿ ಜೋಡಿಸಿದೆ. ಖಾಲಿ ಸಭಾಂಗಣದಲ್ಲಿ ವೇಗ ಪರೀಕ್ಷಿಸಿದೆ, ಅದ್ಭುತ. ಒಂದು ಕ್ಯಾಮೆರಾ ಜನರ ನಡುವಿನಿಂದ ವೇದಿಕೆಯನ್ನು ನೋಡುವಂತೆ, ಇನ್ನೊಂದು ವೇದಿಕೆಯ ಮೂಲೆಯಿಂದ ಜನರನ್ನು ನೋಡುವಂತೆ ನಿಲ್ಲಿಸಿದರು. ಇಗರ್ಜಿಯಲ್ಲಿ ಪೂಜೆ ಮುಗಿದು ಹನ್ನೆರಡರ ಹೊತ್ತಿಗೆ ಜನ ಬರತೊಡಗಿದರು. ಬ್ಯಾಂಡು ಬಾರಿಸಿತು, ಮದುಮಕ್ಕಳು ಒಳಗೆ ಬಂದರು, ಕೇಕ್ ಆಯಿತು. ನಾನು ಕೋಣೆಯಿಂದ ಹೊರಗೆ ಕಾಲಿಡಲಿಲ್ಲ.

ಒಂದಕ್ಕೆ ಐದು ನಿಮಿಷ ಇರುವಾಗ ಯಜಮಾನರು ಸೂಟು ಹಾಕಿಕೊಂಡು ಒಳಗೆ ಬಂದು ನನ್ನ ಪರದೆಗೆ ಇಣುಕಿದರು. ಸರ್ವರಿನ ಹೊರೆಯ ಗೆರೆ ನೆಲಕ್ಕೆ ತಾಗುವಷ್ಟು ಕೆಳಗಿತ್ತು.

“ಎಷ್ಟು ಜನ ನೋಡ್ತಾ ಇದ್ದಾರೆ?”

“ಆರುನೂರರ ಹತ್ತಿರ, ಸರ್.”

“ಆರುನೂರಕ್ಕೆ ಇಷ್ಟೇ ಲೋಡಾ! ಭಾರೀ ಆಯ್ತು ಮಾರಾಯ್ತಿ!” ಎಂದು ನನ್ನ ಕುರ್ಚಿಯ ಬೆನ್ನು ತಟ್ಟಿ ಹೋದರು. ನನಗೂ ಒಂದು ನಿಮಿಷ ಹಾಗೆಯೇ ಅನ್ನಿಸಿತು.

ಆಮೇಲೆ ಸಹಾಯಕ್ಕೆಂದು ಕೊಟ್ಟಿದ್ದ ನನ್ನ ವಾಟ್ಸಾಪ್ ನಂಬರಿಗೆ ಸಂದೇಶಗಳು ಬೀಳತೊಡಗಿದವು. ಮಸ್ಕತ್‌ನಿಂದ, ದೋಹಾದಿಂದ, ಪುಣೆಯಿಂದ. ಚಕ್ರ ತಿರುಗುತ್ತಾ ಉಂಟು. ನಿಂತಿದೆ. ಕೇಕ್ ಆದ ಮೇಲೆ ಎಂತದೂ ಇಲ್ಲ. ಒಂದು ಗಂಟೆ ಎರಡು ನಿಮಿಷಕ್ಕೆ ಅಕ್ಕನ ಸಂದೇಶ: “ಮ್ಯಾಡಮ್ ಕಾಣ್ತಾ ಇಲ್ಲ. ಟೋಸ್ಟ್ ಶುರು ಆಯ್ತಾ?”

ಶುರುವಾಗಿತ್ತು. ಗೋಡೆಯ ಆಚೆ ಸೋದರಮಾವನವರು ಮೈಕು ತಟ್ಟಿ ಗಂಟಲು ಸರಿಮಾಡಿಕೊಳ್ಳುವುದು ನನಗೆ ಕೇಳುತ್ತಿತ್ತು.

ಸರ್ವರ್ ಆರಾಮಾಗಿತ್ತು ನಿಜ. ಯಾಕೆಂದರೆ ಅದಕ್ಕೆ ಕೊಡಲು ಏನೂ ಇರಲಿಲ್ಲ. ಎನ್‌ಕೋಡರಿನ ಪುಟ ತೆರೆದು ನೋಡಿದರೆ ಹತ್ತು ಫ್ರೇಮಿಗೆ ಏಳನ್ನು ಅದು ಬಿಸಾಡುತ್ತಿತ್ತು. ಸಭಾಂಗಣದಿಂದ ಹೊರಗೆ ಹೋಗುವ ದಾರಿ ತುಂಬಿ ತುಳುಕುತ್ತಿತ್ತು. ನಮ್ಮ ಪೆಟ್ಟಿಗೆ ಬಿಟ್ಟರೆ ಇಲ್ಲಿಂದ ಹೊರಗೆ ಕಳಿಸುವವರು ಯಾರು? ಟ್ರ್ಯಾಕರಿನ ಪಟ್ಟಿ ತೆರೆದೆ. ಹಂಚುವವರ ಸಾಲಿನಲ್ಲಿ ಮುಂದೆ ನಿಂತ ಇಪ್ಪತ್ತು, ಮೂವತ್ತು, ಎಂಬತ್ತು ಫೋನುಗಳಿಗೂ ಒಂದೇ ವಿಳಾಸ. ಆ ವಿಳಾಸ ನನ್ನ ಲ್ಯಾಪ್‌ಟಾಪಿನದ್ದೂ ಆಗಿತ್ತು.

ಬಾಗಿಲು ತೆರೆದು ಸಭಾಂಗಣಕ್ಕೆ ಇಣುಕಿದೆ. ಪ್ರತಿ ಮೇಜಿನ ಮೇಲೆ, ಹೂವಿನ ಪಕ್ಕ, ಚೆಂದದ ಒಂದು ಕಾರ್ಡು. ಅದರಲ್ಲಿ ನಮ್ಮ ಲೈವ್‌ನ ಕ್ಯೂಆರ್ ಕೋಡ್, ಕೆಳಗೆ ಸಭಾಂಗಣದ ವೈಫೈ ಪಾಸ್‌ವರ್ಡ್, ಅದರ ಕೆಳಗೆ ನಮ್ಮ ಕಂಪನಿಯ ಹೆಸರು. ಯಜಮಾನರ ಪ್ರಚಾರ. ನನ್ನ ಬಳಿ ಒಂದು ಮಾತೂ ಹೇಳಿರಲಿಲ್ಲ. ಸಭಾಂಗಣದ ತುಂಬ ಜನ ಸೂಟು, ಸೀರೆ, ಗೌನು ತೊಟ್ಟು ತಲೆ ತಗ್ಗಿಸಿ ಕುಳಿತಿದ್ದರು. ಕಣ್ಣೆದುರು ಇಪ್ಪತ್ತು ಅಡಿಯಲ್ಲಿ ನಡೆಯುತ್ತಿದ್ದ ಮದುವೆಯನ್ನು ಫೋನಿನಲ್ಲಿ ನೋಡುತ್ತಿದ್ದರು! ನಮ್ಮ ಊರಿನ ಯಾವ ಮದುವೆಯಲ್ಲೂ ಇದು ಇದ್ದದ್ದೇ: ತಾನು ವಿಡಿಯೋದಲ್ಲಿ ಬಂದಿದ್ದೇನೆಯೇ, ಸೀರೆ ಹೇಗೆ ಕಾಣುತ್ತದೆ, ಪಕ್ಕದ ಮೇಜಿನವಳು ಬಂದಳೇ. ಕ್ಯಾಮೆರಾ ತಮ್ಮ ಕಡೆ ತಿರುಗಿತೆಂದರೆ ಮೊದಲು ಫೋನು ತೆಗೆಯುತ್ತಾರೆ. ಈ ಜನರ ನಡುವೆ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನನ್ನ ನಿಯಮಗಳನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ವೈಫೈಯಲ್ಲಿದ್ದರು. ಒಪ್ಪಿಗೆ ಕೇಳಿದಾಗ ಓದದೆ ಒತ್ತಿದ್ದರು. ಸಭಾಂಗಣದ ಲೈನು ಒಳಬರುವುದಕ್ಕೆ ಚುರುಕಾದ್ದರಿಂದ ಹೊಸ ತುಂಡು ಎಲ್ಲರಿಗಿಂತ ಮೊದಲು ಅವರಿಗೇ ತಲುಪುತ್ತಿತ್ತು. ಹಾಗಾಗಿ ನನ್ನ ಟ್ರ್ಯಾಕರ್ ಅವರನ್ನು ಮುಂದೆ ನಿಲ್ಲಿಸಿ, ಇಡೀ ಗಲ್ಫನ್ನು ಅವರ ಕಡೆಗೆ ಕಳಿಸಿತ್ತು. ಅವರ ಫೋನುಗಳು ಹಂಚಿದ್ದೆಲ್ಲ ಹೋಗಬೇಕಾದದ್ದು ನಮ್ಮ ಎನ್‌ಕೋಡರ್ ಬಳಸುವ, ಹೊರಗೆ ಹೋಗುವ ಅದೇ ಸಪೂರ ದಾರಿಯಲ್ಲಿ.

ಯಜಮಾನರನ್ನು ಹಿಡಿದು ಎಳೆದು ತಂದೆ. “ಸರ್, ಎಲ್ಲರೂ ವೈಫೈ ಆಫ್ ಮಾಡ್ಲಿಕ್ಕೆ ಮೈಕಿನಲ್ಲಿ ಹೇಳಿ.”

“ಟೋಸ್ಟಿನ ಮಧ್ಯದಲ್ಲಾ? ಹುಚ್ಚಾ ನಿನಗೆ? ವರನ ಕಡೆಯವರು ಎಂತ ಹೇಳಿಯಾರು?”

“ರೌಟರ್ ಆಫ್ ಮಾಡಿಸಿ.”

“ಆಫ್ ಮಾಡಿದ್ರೆ ನಮ್ಮದೂ ಹೋಗ್ತದಲ್ಲ! ಡಾಂಗಲ್ ಉಂಟಲ್ಲ, ಅದು ಹಾಕು.”

ಡಾಂಗಲ್ ಆಗಲೇ ಹಾಕಿ ನೋಡಿದ್ದೆ. ಅಷ್ಟು ಜನರ ಫೋನುಗಳ ನಡುವೆ ಆ ಟವರಿನಲ್ಲಿ ನಮಗೆ ಜಾಗವಿರಲಿಲ್ಲ. ವೈಫೈ ಮಾತ್ರ ಬಂದ್ ಮಾಡುವ ಗುಟ್ಟು ಗೊತ್ತಿದ್ದ ಸಭಾಂಗಣದ ಮ್ಯಾನೇಜರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಂಚುವಿಕೆಯನ್ನೇ ಪೂರ್ತಿ ನಿಲ್ಲಿಸಬಹುದಿತ್ತು. ಆಗ ಆರುನೂರೂ ಒಟ್ಟಿಗೆ ಸರ್ವರಿನ ಮೇಲೆ ಬಿದ್ದು ಅದು ಹಿಂದಿನ ಆ ಮದುವೆಯ ಕೇಕಿನ ದಿನದಂತೆ ಮಲಗುತ್ತಿತ್ತು. ಗೋಡೆಯ ಆಚೆ ಸೋದರಮಾವನವರು ಕೊಂಕಣಿಯಲ್ಲಿ ಒಂದು ಹಾಸ್ಯ ಹೇಳಿದರು, ಜನ ನಕ್ಕರು. ಪತ್ರ ಇನ್ನೂ ಜೇಬಿನಲ್ಲಿತ್ತು.

ಸಭಾಂಗಣದ ವಿಳಾಸವನ್ನೇ ಮುಚ್ಚಬೇಕು ಎಂದು ತೀರ್ಮಾನಿಸಿದೆ. ಸಿಟ್ಟಿನಲ್ಲಿ ಸರ್ವರಿನ ಕಾವಲುಬಾಗಿಲಾದ ಫೈರ್‌ವಾಲಿಗೆ ಹೋಗಿ ಆ ವಿಳಾಸಕ್ಕೆ ಬೀಗ ಜಡಿದೆ. ಎಂಟರ್ ಒತ್ತಿದ ಬೆರಳು ಮೇಲೆ ಬರುವ ಮೊದಲೇ ಗೊತ್ತಾಯಿತು ಏನು ಮಾಡಿದೆನೆಂದು. ಎನ್‌ಕೋಡರ್ ಅದೇ ವಿಳಾಸದ ಹಿಂದಿತ್ತು. ನಾನೂ ಅದೇ ವಿಳಾಸದ ಹಿಂದಿದ್ದೆ. ಚಿತ್ರ ಪೂರ್ತಿ ಕಪ್ಪಾಯಿತು, ಬೀಗ ತೆಗೆಯಲು ಸರ್ವರಿನೊಳಗೆ ಹೋಗಲು ನನಗೇ ದಾರಿ ಇರಲಿಲ್ಲ.

ಅಕ್ಕನ ಸಂದೇಶ ಬಂತು: “ಇನ್ನು ಹದಿನೈದು ನಿಮಿಷ ಉಂಟು ನನಗೆ.”

ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಹಿಂಬಾಗಿಲಿನಿಂದ ಓಡಿದೆ. ಅಡುಗೆಯವರ ಜಾಗ. ದೊಡ್ಡ ದೊಡ್ಡ ಪಾತ್ರೆಗಳು, ಹಬೆ, ಇಡ್ಲಿಯಂಥ ಸಾನ್ನಾಂ ತುಂಬಿದ ಬುಟ್ಟಿಗಳು. ತಲೆವಸ್ತ್ರ ಕಟ್ಟಿದ ನನ್ನನ್ನು ಕಂಡು ಒಬ್ಬ ಹೆಂಗಸು, “ಇಲ್ಲಿ ಎಲ್ಲ ಹಂದಿಯದ್ದು ಉಂಟಮ್ಮ, ನಿಮಗೆ ವೆಜ್ ಆ ಕಡೆ,” ಎಂದು ಕಾಳಜಿಯಿಂದ ದಾರಿ ತೋರಿಸಿದರು. “ನನಗೆ ಸಿಗ್ನಲ್ ಬೇಕು!” ಎಂದು ಕಿರುಚಿದೆ. ಅವರು ಕಾಂಪೌಂಡಿನ ಮೂಲೆಯ ನೀರಿನ ಟ್ಯಾಂಕಿನ ಕಡೆಗೆ ಸೌಟು ತೋರಿಸಿದರು. ಅಡುಗೆಯವರೆಲ್ಲ ಫೋನ್ ಮಾಡುವುದು ಅಲ್ಲಿಂದಲೇ ಅಂತೆ.

ಟ್ಯಾಂಕಿನ ಕಟ್ಟೆಯ ಮೇಲೆ ನಿಂತು, ನನ್ನ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಎರಡು ಗೆರೆ. ಬೇರೆ ವಿಳಾಸವಾದ್ದರಿಂದ ಸರ್ವರ್ ಒಳಗೆ ಬಿಟ್ಟಿತು. ಬೀಗ ತೆಗೆದೆ. ಎನ್‌ಕೋಡರ್ ತಾನಾಗಿಯೇ ಮತ್ತೆ ಸೇರಿಕೊಳ್ಳುವಂತೆ ಮೊದಲೇ ಬರೆದಿಟ್ಟಿದ್ದೆ, ಅದೊಂದು ಪುಣ್ಯ. ಈ ಸಲ ಬಾಗಿಲು ಮುಚ್ಚಿದ್ದು ಟ್ರ್ಯಾಕರಿನಲ್ಲಿ: ಈ ವಿಳಾಸದಿಂದ ಯಾರು ನೋಡಲು ಬಂದರೂ ಅವರಿಂದ ಹಂಚಿಸಬೇಡ, ಅವರಿಗೆ ವಿಡಿಯೋ ಕೊಡಲೂ ಬೇಡ, ಬದಲಿಗೆ ಒಂದು ಸಂದೇಶ ತೋರಿಸು. ಎಂತ ಸಂದೇಶ ಎಂದು ಕೇಳುವ ಜಾಗ ಖಾಲಿ ಇತ್ತು. ತಾಂತ್ರಿಕ ಕಾರಣಗಳಿಂದ ಎಂದೇನೋ ಸಭ್ಯವಾಗಿ ಬರೆಯುವುದು ಕ್ರಮ. ನಾಲ್ಕು ತಿಂಗಳ ಸಿಟ್ಟು ಬೆರಳಿಗೆ ಬಂತು. “ನೀವು ಮದುವೆಯ ಹಾಲ್‌ನಲ್ಲೇ ಕುಳಿತಿದ್ದೀರಿ. ತಲೆ ಎತ್ತಿ ನೋಡಿ,” ಎಂದು ಬರೆದು ಚಾಲೂ ಮಾಡಿದೆ. ಹಂಚುವುದು ಆ ಕ್ಷಣವೇ ನಿಲ್ಲುತ್ತದೆ, ಸಂದೇಶ ಮಾತ್ರ ಒಂದು ನಿಮಿಷ ಬಿಟ್ಟು ಎಲ್ಲ ಫೋನುಗಳಲ್ಲೂ ಒಟ್ಟಿಗೆ ಬರುತ್ತದೆ.

ಮುಂದಿನ ಅರ್ಧ ನಿಮಿಷದಲ್ಲಿ ಹೊರಹೋಗುವ ದಾರಿ ಖಾಲಿಯಾಯಿತು. ಎನ್‌ಕೋಡರ್ ಫ್ರೇಮು ಬಿಸಾಡುವುದನ್ನು ನಿಲ್ಲಿಸಿತು. ಸರ್ವರಿನ ಗೆರೆ ಏರಿತು, ಏರಿ ಮುಕ್ಕಾಲಿನಲ್ಲಿ ನಿಂತಿತು. ಗಲ್ಫಿನಲ್ಲಿ ಮನೆಯ ವೈಫೈಯಲ್ಲಿದ್ದವರು ತಮ್ಮ ತಮ್ಮೊಳಗೆ ಹಂಚಿಕೊಳ್ಳತೊಡಗಿದರು. ನಾನು ಮೊದಲಿಂದ ಆಸೆಪಟ್ಟದ್ದು ಅಷ್ಟನ್ನೇ. ಮಸ್ಕತ್‌ನವರು ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದರು. ಅಕ್ಕನಿಂದ ಏನೂ ಬರಲಿಲ್ಲ. ಸಮಯ ಒಂದು ಇಪ್ಪತ್ತಾರು.

ಒಳಗೆ ಬಂದಾಗ ಟೋಸ್ಟ್ ಮುಗಿದು ಬ್ಯಾಂಡು ಶುರುವಾಗಿತ್ತು. ಯಜಮಾನರು ಕೆಂಪಗಾಗಿ ನಿಂತಿದ್ದರು. ವರನ ದೊಡ್ಡಪ್ಪ ಫೋನನ್ನು ಅವರ ಮೂಗಿನ ಎದುರು ಹಿಡಿದು, “ನಮಗೆ ತಲೆ ಎತ್ತು ಅಂತ ಹೇಳ್ಲಿಕ್ಕೆ ಇವರು ಯಾರು?” ಎಂದು ಕೇಳಿದ್ದರಂತೆ.

“ಹೀಗೆಲ್ಲ ಬರೀತಾರಾ ಮಾರಾಯ್ತಿ? ನನ್ನ ಮರ್ಯಾದೆ ಹೋಯ್ತು.”

“ಕಾರ್ಡ್ ಇಟ್ಟದ್ದು ಯಾರು, ಸರ್?” ಎಂದೆ. ಆ ದಿನ ನಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು.

ಮರುದಿನ ಕಚೇರಿಯಲ್ಲಿ ಕುಳಿತು ಸಂದೇಶವನ್ನು ಸಭ್ಯಗೊಳಿಸಿದೆ. ಎನ್‌ಕೋಡರ್ ಯಾವ ವಿಳಾಸದಿಂದ ಬರುತ್ತದೋ ಆ ವಿಳಾಸದ ಯಾವ ಫೋನೂ ಹಂಚಬಾರದು ಎಂದು ಟ್ರ್ಯಾಕರಿಗೆ ಖಾಯಂ ನಿಯಮ ಬರೆದೆ. ಹನ್ನೊಂದು ಸಾಲು. ನಾಲ್ಕು ತಿಂಗಳ ಹಿಂದೆಯೇ ಬರೆಯಬಹುದಾಗಿದ್ದ ಹನ್ನೊಂದು ಸಾಲು. ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಿತ್ತು. ಮಧ್ಯಾಹ್ನದವರೆಗೆ ಧೈರ್ಯ ಬರಲಿಲ್ಲ. ಕೊನೆಗೆ ಅವರೇ ಫೋನ್ ಮಾಡಿದರು.

ಎತ್ತಿದ ಕೂಡಲೇ ಶುರು ಮಾಡಿದೆ. ಅಕ್ಕ, ತಪ್ಪು ನಮ್ಮದೇ, ಅರ್ಧ ಪತ್ರ ತಪ್ಪಿ ಹೋಯಿತಲ್ಲ, ಹಾಲ್‌ನ ಲೈನಿನಲ್ಲಿ ಏನಾಯಿತೆಂದರೆ ಎಂದು ನಾನು ಹೇಳುತ್ತಲೇ ಇದ್ದೆ, ಅವರು ತಡೆದರು.

“ಮೊದ್ಲು ಎಂತದೂ ಕಾಣ್ಲಿಲ್ಲ ಮ್ಯಾಡಮ್. ನಾನು ಬಾತ್ರೂಮಿನಲ್ಲಿ ನಿಂತು ಅತ್ತದ್ದೇ ಅತ್ತದ್ದು. ಮತ್ತೆ ಬಂತು. ತಂಗಿಯ ಮುಖ ಕಂಡಿತು, ಅವಳ ಮೇಕಪ್ ಎಲ್ಲ ಹೋಗಿತ್ತು ಪಾಪ. ಲೆಟರಿನ ಲಾಸ್ಟಿಗೆ ಮಾಮ ನನ್ನ ಹೆಸ್ರು ಓದಿದ್ರಲ್ಲ, ಆಗ ಕ್ಯಾಮೆರಾ ಜನರ ಕಡೆ ಇತ್ತು. ಹೆಸ್ರು ಹೇಳಿದ್ದೇ ಹೇಳಿದ್ದು, ಎಲ್ರೂ ಒಟ್ಟಿಗೆ ತಲೆ ಎತ್ತಿದ್ರು. ಒಬ್ರೂ ಬಾಕಿ ಇಲ್ಲ. ನಾನು ಊರು ಬಿಟ್ಟು ಹನ್ನೆರಡು ವರ್ಷ ಆಯ್ತು ಮ್ಯಾಡಮ್. ನನ್ನನ್ನು ಇಷ್ಟು ಜನಕ್ಕೆ ನೆನಪುಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ನೀವು ನೋಡಿದ್ರಲ್ಲ?”

ನನ್ನ ಎದುರಿನ ಪರದೆಯಲ್ಲಿ ಆ ಹನ್ನೊಂದು ಸಾಲುಗಳಿದ್ದವು. ಲ್ಯಾಪ್‌ಟಾಪ್ ಮುಚ್ಚಿದೆ.

“ಹೌದು ಅಕ್ಕ,” ಎಂದೆ. “ಎಲ್ರೂ ತಲೆ ಎತ್ತಿದ್ರು.”